ರಸಾಯನಶಾಸ್ತ್ರಜ್ಞ ಕ್ಲಾಪ್ರೋಟನೂ ರೂಟೈಲೆಂಬ ಕೆಂಗಲ್ಲೂ

ಜರ್ಮನಿ ದೇಶದ ಹಾರ್ಟ್ಸ್ ಪರ್ವತಗಳ ತಪ್ಪಲಲ್ಲಿ ವೆರ್ನಿಗೆರೋಡ ಎಂಬ ಚಿಕ್ಕ ಪಟ್ಟಣವುಂಟು. 1743ನೆಯ ಇಸವಿಯ ಡಿಸೆಂಬರ್ 1ನೆಯ ತಾರೀಖಿನಲ್ಲಿ ಆ ಊರಿನ ಒಬ್ಬ ದರ್ಜಿಯ ಮನೆಯಲ್ಲಿ ಗಂಡುಮಗುವೊಂದು ಹುಟ್ಟಿತು. ಆ ಮಗುವೇ ಮುಂದೆ ಯುರೇನಿಯಮನ್ನೂ ಜಿರ್ಕೋನಿಯಮನ್ನೂ ಲೋಕಕ್ಕೆ ತೋರಿಸಿಕೊಟ್ಟು, ಟೈಟೇನಿಯಮಿಗೆ ಹೆಸರಿಟ್ಟ ಮಾರ್ಟಿನ್ ಹೈನ್ರಿಖ್ ಕ್ಲಾಪ್ರೋಟನು. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಮೂಲವಸ್ತುಗಳ ಪಟ್ಟಿಯನ್ನು ಬಾಯಿಪಾಠ ಮಾಡಿದವರೇ ಸರಿ. ಆದರೆ ಆ ಹೆಸರುಗಳ ಹಿಂದಿರುವ ಮನುಷ್ಯರನ್ನು ಬಲ್ಲವರು ವಿರಳ. ಆದಕಾರಣ ಈ ಸ್ಮರಣ ಸಂಚಿಕೆಯಲ್ಲಿ ಆತನ ಜೀವನವನ್ನೂ, ಆತನು ಪರೀಕ್ಷಿಸಿದ ಒಂದು ಕೆಂಪು ಕಲ್ಲಿನ ವೃತ್ತಾಂತವನ್ನೂ ಸಂಗ್ರಹವಾಗಿ ಹೇಳಲು ಬಯಸುತ್ತೇವೆ.

1751ರಲ್ಲಿ ಆ ಪಟ್ಟಣಕ್ಕೆ ದೊಡ್ಡ ಬೆಂಕಿ ಬಿದ್ದಿತು. ದರ್ಜಿಯ ಮನೆಯೂ ಸುಟ್ಟುಹೋಗಿ, ಕುಟುಂಬವು ಬಡತನಕ್ಕೆ ಇಳಿಯಿತು. ಆಗ ಹುಡುಗನಿಗೆ ಇನ್ನೂ ಏಳೆಂಟು ವರ್ಷದ ಪ್ರಾಯ. ಊರಿನ ಲ್ಯಾಟಿನ್ ಶಾಲೆಯಲ್ಲಿ ಓದುತ್ತಿರುವಾಗ ಆತನು ದೇವಾಲಯದ ಗಾಯನಮಂಡಲಿಯಲ್ಲಿ ಹಾಡಿ, ಅದರಿಂದ ಬಂದ ಅಲ್ಪ ಹಣವನ್ನು ಶಾಲೆಯ ಫೀಸಿಗೆ ಒದಗಿಸಿಕೊಳ್ಳುತ್ತಿದ್ದನು. ಆದರೂ ಓದನ್ನು ಕೊನೆಯವರೆಗೆ ನಡೆಸಲು ಸಾಧ್ಯವಾಗಲಿಲ್ಲ. ಹದಿನಾರನೆಯ ವಯಸ್ಸು ತುಂಬುವ ಹೊತ್ತಿಗೆ ಶಾಲೆಯನ್ನು ಬಿಟ್ಟು, 1759ರಲ್ಲಿ ಕ್ವೆಡ್ಲಿನ್‌ಬುರ್ಗ್ ಎಂಬ ಊರಿನ ಔಷಧಾಲಯವೊಂದರಲ್ಲಿ ಕೆಲಸ ಕಲಿಯುವ ಹುಡುಗನಾಗಿ ಸೇರಿದನು.

ಆ ಕಾಲದ ಔಷಧಾಲಯವೆಂದರೆ ಈಗಿನಂತೆ ಡಬ್ಬಿಗಳನ್ನು ತೆಗೆದುಕೊಡುವ ಅಂಗಡಿಯಲ್ಲ. ಬೇರು ನಾರುಗಳನ್ನು ಕುಟ್ಟುವುದು, ಲವಣಗಳನ್ನು ಕರಗಿಸಿ ಸೋಸುವುದು, ಆಮ್ಲಗಳನ್ನು ಬಟ್ಟಿಯಿಳಿಸುವುದು, ಗುಂಜಿತೂಕವೂ ತಪ್ಪದಂತೆ ತಕ್ಕಡಿಯಲ್ಲಿ ತೂಗುವುದು, ಇವೆಲ್ಲವೂ ಅಲ್ಲಿಯೇ ನಡೆಯಬೇಕಾಗಿತ್ತು. ಕ್ಲಾಪ್ರೋಟನು ಆರು ವರ್ಷಗಳಿಗೂ ಮೇಲ್ಪಟ್ಟು ಈ ದುಡಿಮೆಯನ್ನು ಮಾಡಿದನು. 1766ರಲ್ಲಿ ಹಾನೋವರ್ ಪಟ್ಟಣಕ್ಕೆ ಹೋದ ಮೇಲೆಯೇ ಆತನಿಗೆ ರಸಾಯನಶಾಸ್ತ್ರದ ಒಳ್ಳೆಯ ಗ್ರಂಥಗಳು ದೊರೆತವು. ಅಲ್ಲಿಂದ ಬರ್ಲಿನಿಗೆ, ಬರ್ಲಿನಿನಿಂದ ಡಾನ್ಜಿಗಿಗೆ ಹೋಗಿ, ಕೈಕೆಲಸದವನಾಗಿ ದುಡಿಯುತ್ತ, ದೊರೆತ ಬಿಡುವಿನಲ್ಲೆಲ್ಲ ಓದುತ್ತ ಕಾಲ ಕಳೆದನು. ಈತನು ಯಾವ ವಿಶ್ವವಿದ್ಯಾಲಯದಲ್ಲಿಯೂ ಕ್ರಮವಾಗಿ ಓದಿ ಪದವಿಯನ್ನು ಪಡೆದವನಲ್ಲವೆಂಬುದನ್ನು ನಮ್ಮ ಓದುಗರು ನೆನಪಿನಲ್ಲಿಡಬೇಕು.

1771ರಲ್ಲಿ ಆತನು ಬರ್ಲಿನಿಗೆ ಹಿಂದಿರುಗಿ, ವಾಲೆಂಟಿನ್ ರೋಸೆ ಎಂಬ ಪ್ರಸಿದ್ಧ ಔಷಧಗಾರನ ಬಳಿ ಸಹಾಯಕನಾದನು. ಕೆಲಸಕ್ಕೆ ಸೇರಿದ ವರ್ಷವೇ ಯಜಮಾನನು ತೀರಿಕೊಂಡನು. ಮನೆಯಲ್ಲಿ ಚಿಕ್ಕ ಮಕ್ಕಳು. ಅಂಗಡಿಯನ್ನು ನೋಡಿಕೊಳ್ಳುವವರು ಯಾರೂ ಇಲ್ಲ. ಕ್ಲಾಪ್ರೋಟನು ಬೇರೆ ಕಡೆಗೆ ಹೋಗಿ ತನ್ನ ಏಳಿಗೆಯನ್ನು ತಾನು ನೋಡಿಕೊಳ್ಳಬಹುದಾಗಿತ್ತು. ಆದರೆ ಹಾಗೆ ಮಾಡದೆ ಸುಮಾರು ಒಂಬತ್ತು ವರ್ಷ ಆ ಔಷಧಾಲಯವನ್ನು ಯಜಮಾನನ ಮಕ್ಕಳ ಪರವಾಗಿ ನಡೆಸಿಕೊಟ್ಟು, ಅವರ ವಿದ್ಯಾಭ್ಯಾಸದ ಹೊಣೆಯನ್ನೂ ಹೊತ್ತನು. ತಂದೆಯ ಹೆಸರನ್ನೇ ಹೊತ್ತ ಕಿರಿಯ ವಾಲೆಂಟಿನನು ಈತನ ಕೈಯಲ್ಲಿ ತಯಾರಾಗಿ ತಾನೂ ಒಳ್ಳೆಯ ರಸಾಯನಶಾಸ್ತ್ರಜ್ಞನಾದನು. ಈ ಉಪಕಾರದ ಫಲವು ಮೂರನೆಯ ತಲೆಮಾರಿನಲ್ಲಿ ಹೇಗೆ ಕಾಣಿಸಿಕೊಂಡಿತೆಂಬುದನ್ನು ಮುಂದೆ ಹೇಳುವೆವು.

1780ರಲ್ಲಿ ಕ್ಲಾಪ್ರೋಟನು ಕ್ರಿಸ್ಟಿಯಾನೆ ಸೋಫೀ ಲೆಹ್ಮನ್ ಎಂಬಾಕೆಯನ್ನು ವಿವಾಹವಾದನು. ಈಕೆಯು ಬೀಟ್ ಗಡ್ಡೆಯಲ್ಲಿ ಸಕ್ಕರೆಯಿರುವುದನ್ನು 1747ರಲ್ಲಿ ಕಂಡುಹಿಡಿದ ಮಾರ್ಗ್ರಾಫನ ಹತ್ತಿರದ ಬಂಧು. ಈಕೆಯು ತಂದ ಹಣದ ನೆರವಿನಿಂದಲೇ ಕ್ಲಾಪ್ರೋಟನು ಬರ್ಲಿನಿನಲ್ಲಿ ಕರಡಿಯ ಗುರುತಿನ ಸ್ವಂತ ಔಷಧಾಲಯವನ್ನು ಕೊಂಡುಕೊಂಡನೆಂಬುದನ್ನು ಮರೆಯಲಾಗದು. ಆ ಅಂಗಡಿಯ ಒಲೆ, ಮೂಸೆ, ತಕ್ಕಡಿಗಳೇ ಆತನ ಪ್ರಯೋಗಶಾಲೆಯಾದವು. 1788ರಲ್ಲಿ ಪ್ರಷ್ಯದ ವಿಜ್ಞಾನ ಅಕಾಡೆಮಿಯು ಆತನನ್ನು ತನ್ನ ಸದಸ್ಯನನ್ನಾಗಿ ಸ್ವೀಕರಿಸಿತು.

ಆತನ ಕೆಲಸದ ಕ್ರಮವು ಎಂತಹುದಾಗಿತ್ತು? ಒಂದು ಕಲ್ಲಿನಲ್ಲಿ ಯಾವ ಯಾವ ವಸ್ತುಗಳು ಎಷ್ಟೆಷ್ಟಿವೆಯೆಂದು ಬೇರ್ಪಡಿಸಿ ತೂಗುವುದೇ ಆತನ ಮುಖ್ಯ ಉದ್ಯೋಗ. ಗಟ್ಟಿಯಾದ ಕಲ್ಲನ್ನು ಅರೆಯುವಾಗ ಅರೆಯುವ ಖಲ್ಲೂ ಸವೆದು, ಅದರ ಪುಡಿಯು ಕಲ್ಲಿನ ಪುಡಿಯೊಡನೆ ಸೇರಿಬಿಡುತ್ತದೆ. ಇದನ್ನರಿತು ಆತನು ಖಲ್ಲಿನಿಂದ ಎಷ್ಟು ಸವೆದು ಬಂದಿದೆಯೆಂಬುದನ್ನೂ ತೂಗಿ ಲೆಕ್ಕದಿಂದ ಕಳೆಯುತ್ತಿದ್ದನು. ಆಮ್ಲಕ್ಕೂ ಜಗ್ಗದ ಕಲ್ಲುಗಳನ್ನು ಬೆಳ್ಳಿಯ ಮೂಸೆಯಲ್ಲಿ ತೀಕ್ಷ್ಣವಾದ ಕ್ಷಾರದೊಡನೆ ಕರಗಿಸುತ್ತಿದ್ದನು. ಸೋಸಿ ತೆಗೆದ ಪುಡಿಯನ್ನು ಚೆನ್ನಾಗಿ ಕಾಯಿಸಿ, ತೇವವು ಸ್ವಲ್ಪವೂ ಉಳಿಯದಂತೆ ಮಾಡಿದ ಮೇಲೆಯೇ ತೂಗುತ್ತಿದ್ದನು.

ಎಲ್ಲಕ್ಕಿಂತಲೂ ಹೆಚ್ಚಾಗಿ ಒಂದು ವಿಷಯದಲ್ಲಿ ಈತನು ತನ್ನ ಕಾಲದವರಿಗೆ ಮಾದರಿಯಾದನು. ನೂರು ಪಾಲು ಕಲ್ಲನ್ನು ಬೇರ್ಪಡಿಸಿ, ಬಂದ ಭಾಗಗಳನ್ನು ಕೂಡಿಸಿದರೆ ನೂರು ಬರಬೇಕಷ್ಟೆ. ಆದರೆ ಕೈಕೆಲಸದಲ್ಲಿ ತೊಂಬತ್ತೆಂಟೋ ತೊಂಬತ್ತೊಂಬತ್ತೋ ಬರುವುದುಂಟು. ಆಗಿನ ಕಾಲದಲ್ಲಿ ಇಂತಹ ಸಣ್ಣ ಕೊರತೆಯನ್ನು ಪ್ರಯೋಗದ ದೋಷವೆಂದು ತಳ್ಳಿಹಾಕಿ, ಮೊತ್ತವು ಸರಿಯಾಗಿ ನೂರಾಗುವಂತೆ ಅಂಕೆಗಳನ್ನು ಹೊಂದಿಸಿ ಪ್ರಕಟಿಸುವ ವಾಡಿಕೆಯಿತ್ತು. ಕ್ಲಾಪ್ರೋಟನು ಹಾಗೆ ಮಾಡಲಿಲ್ಲ. ತೂಕವು ಬಂದಂತೆಯೇ ಬರೆದು, ಕೊರತೆಯು ಇಷ್ಟೆಂದು ಅದರ ಕೆಳಗೆ ಕಾಣಿಸುತ್ತಿದ್ದನು. ಹೀಗೆ ಮಾಡಿದುದರಿಂದ ಎರಡು ಪ್ರಯೋಜನಗಳಾದವು. ಇತರರು ಆತನ ಕೆಲಸವನ್ನು ನಂಬಬಹುದಾಯಿತು; ಕೊರತೆಯು ದೊಡ್ಡದಾಗಿದ್ದರೆ ಕಲ್ಲಿನೊಳಗೆ ಇನ್ನೂ ಯಾರೂ ಅರಿಯದ ವಸ್ತುವೊಂದು ಅಡಗಿರಬಹುದೆಂಬ ಸೂಚನೆಯೂ ದೊರೆಯಿತು.

1789ನೆಯ ವರ್ಷವು ಆತನಿಗೆ ಕೀರ್ತಿಯನ್ನು ತಂದಿತು. ಪಿಚ್‌ಬ್ಲೆಂಡ್ ಎಂಬ ಕಪ್ಪು ಅದಿರಿನಲ್ಲಿ ಹೊಸ ಧಾತುವೊಂದನ್ನು ಕಂಡು, ಎಂಟು ವರ್ಷಗಳ ಹಿಂದೆ ಹರ್ಷೆಲನು ಕಂಡಿದ್ದ ಯುರೇನಸ್ ಗ್ರಹದ ಹೆಸರಿನಿಂದ ಅದನ್ನು ಯುರೇನಿಯಮ್ ಎಂದು ಕರೆದನು. ತನಗೆ ದೊರೆತ ಕಪ್ಪು ಪುಡಿಯೇ ಲೋಹವೆಂದು ಆತನು ತಿಳಿದಿದ್ದನು. ಅದು ಲೋಹವಲ್ಲ, ಆಮ್ಲಜನಕದೊಡನೆ ಕೂಡಿದ ಭಸ್ಮವೆಂದು 1841ರಲ್ಲಿ ಪೆಲಿಗೋ ಎಂಬ ಫ್ರೆಂಚ್ ವಿದ್ವಾಂಸನು ತೋರಿಸಿ, ನಿಜವಾದ ಲೋಹವನ್ನು ಬೇರ್ಪಡಿಸಿದನು. ಅದೇ 1789ರಲ್ಲಿ ಸಿಂಹಳದ್ವೀಪದಿಂದ ಬಂದ ಜಿರ್ಕಾನ್ ರತ್ನದಲ್ಲಿ ಜಿರ್ಕೋನಿಯಮಿನ ಭಸ್ಮವನ್ನೂ ಆತನು ಕಂಡುಹಿಡಿದನು.

ಆ ದಿನಗಳಲ್ಲಿ ವಸ್ತುಗಳು ಉರಿಯುವಾಗ ಅವುಗಳೊಳಗಿನ ಫ್ಲೊಜಿಸ್ಟನ್ ಎಂಬ ತತ್ತ್ವವು ಹೊರಬೀಳುವುದೆಂದು ಜರ್ಮನಿಯ ಪಂಡಿತರು ನಂಬಿದ್ದರು. ಆ ಸಿದ್ಧಾಂತವು ಜರ್ಮನಿಯಲ್ಲಿಯೇ ಹುಟ್ಟಿ ಬೆಳೆದುದಾಗಿತ್ತು. ಉರಿಯುವುದೆಂದರೆ ಗಾಳಿಯೊಳಗಿನ ಆಮ್ಲಜನಕದೊಡನೆ ಕೂಡುವುದೆಂದು ಫ್ರಾನ್ಸ್ ದೇಶದ ಲವಾಜಿಯೇನು ಹೇಳಿದಾಗ, ಪರದೇಶದವನ ಮಾತೆಂದು ಹಲವರು ಒಪ್ಪದೆ ಹೋದರು. ಕ್ಲಾಪ್ರೋಟನಾದರೋ 1792ರಲ್ಲಿ ಲವಾಜಿಯೇನ ಪ್ರಯೋಗಗಳನ್ನು ಬರ್ಲಿನ್ ಅಕಾಡೆಮಿಯ ಎದುರಿನಲ್ಲಿಯೇ ಮತ್ತೆ ಮಾಡಿ ತೋರಿಸಿ, ತಕ್ಕಡಿಯು ಹೇಳಿದುದನ್ನು ಒಪ್ಪಿಕೊಂಡನು. ಆತನು ಒಪ್ಪಿದ ಮೇಲೆ ಜರ್ಮನಿಯ ಬಹುಮಂದಿ ರಸಾಯನಶಾಸ್ತ್ರಜ್ಞರು ಹೊಸ ಸಿದ್ಧಾಂತದ ಕಡೆಗೆ ತಿರುಗಿದರು.

ಇನ್ನು ನಮ್ಮ ಕೆಂಗಲ್ಲಿನ ವಿಷಯಕ್ಕೆ ಬರೋಣ. ಹಂಗೆರಿ ದೇಶದ ಬೊಯ್ನಿಕ್ ಎಂಬ ಸ್ಥಳದಿಂದ ಬಂದ ಒಂದು ಖನಿಜವನ್ನು ಆಗಿನ ಜನರು ಕೆಂಪು ಷೋರ್ಲ್ ಎಂದು ಕರೆಯುತ್ತಿದ್ದರು. ಇದಕ್ಕೆ ಈಗಿರುವ ಹೆಸರು ರೂಟೈಲ್. ಕೆಂಪುಬಣ್ಣದ್ದೆಂಬ ಅರ್ಥವುಳ್ಳ ಲ್ಯಾಟಿನ್ ಮಾತಿನಿಂದ ವೆರ್ನರ್ ಎಂಬ ಖನಿಜಶಾಸ್ತ್ರಜ್ಞನು ಆ ಹೆಸರನ್ನು ಕೊಟ್ಟನು. ಇದರ ಬಣ್ಣವು ಕೆಂಪು, ಕೆಂಗಂದು, ಕೆಲವೊಮ್ಮೆ ಕಪ್ಪು. ಹರಳುಗಳು ನಾಲ್ಕು ಮೂಲೆಯ ಕಂಬಗಳಂತೆ ಉದ್ದವಾಗಿ ಬೆಳೆದು, ಮೈಮೇಲೆ ಗೆರೆಗಳನ್ನು ಹೊಂದಿರುತ್ತವೆ. ಎರಡು ಹರಳುಗಳು ಮಡಿಸಿದ ಮೊಣಕಾಲಿನಂತೆ ಕೂಡಿಕೊಂಡಿರುವುದೂ ಉಂಟು. ನೀರಿಗಿಂತ ನಾಲ್ಕು ಪಾಲಿಗೂ ಸ್ವಲ್ಪ ಹೆಚ್ಚು ಭಾರ. ಗಟ್ಟಿತನದಲ್ಲಿ ಬೆಣಚುಕಲ್ಲಿಗಿಂತ ಕೊಂಚ ಕಡಿಮೆ. ಬೆಳಕನ್ನು ಬಾಗಿಸುವ ಶಕ್ತಿಯಲ್ಲಿ ಮಾತ್ರ ಇದು ವಜ್ರವನ್ನೂ ಮೀರಿಸುತ್ತದೆ: ವಜ್ರದ ವಕ್ರೀಭವನಾಂಕವು 2.42 ಆದರೆ ರೂಟೈಲಿನದು 2.6ರಿಂದ 2.9ರವರೆಗೆ. ಸಾಮಾನ್ಯ ಆಮ್ಲಗಳು ಇದನ್ನು ಕರಗಿಸಲಾರವು. ತಿಳಿಯಾದ ಬೆಣಚುಕಲ್ಲಿನೊಳಗೆ ಬಂಗಾರದ ಕೂದಲಿನಂತೆ ಹೊಳೆಯುವ ಎಳೆಗಳನ್ನು ಕಂಡವರು ರೂಟೈಲನ್ನೇ ಕಂಡಿರುವರು.

ಕ್ಲಾಪ್ರೋಟನು ಈ ಕಲ್ಲನ್ನು ಅರೆದು, ಕ್ಷಾರದೊಡನೆ ಕರಗಿಸಿ, ಆಮ್ಲಗಳಿಂದ ಬೇರ್ಪಡಿಸಿದಾಗ ಕೊನೆಗೆ ಉಳಿದದ್ದು ಒಂದು ಬಿಳಿಯ ಪುಡಿ. ಕೆಂಪು ಕಲ್ಲಿನ ಹೊಟ್ಟೆಯಲ್ಲಿ ಅಚ್ಚ ಬಿಳುಪು ಅಡಗಿತ್ತು! ಅದು ಅಲ್ಲಿಯವರೆಗೆ ತಿಳಿದಿದ್ದ ಯಾವ ಲೋಹದ ಭಸ್ಮಕ್ಕೂ ಹೋಲಲಿಲ್ಲ. ಆದುದರಿಂದ ಕಲ್ಲಿನೊಳಗೆ ಹೊಸ ಧಾತುವಿದೆಯೆಂದು ಆತನು 1795ರಲ್ಲಿ ಪ್ರಕಟಿಸಿದನು. ಹೆಸರಿಡುವುದರಲ್ಲಿಯೂ ಆತನ ಎಚ್ಚರವು ಕಾಣುತ್ತದೆ. ವಸ್ತುವಿನ ಗುಣಗಳೇ ಪೂರ್ತಿಯಾಗಿ ತಿಳಿಯದಿರುವಾಗ ಗುಣವನ್ನು ಹಿಡಿದು ಹೆಸರಿಟ್ಟರೆ ಮುಂದೆ ಅದು ಸುಳ್ಳಾಗಬಹುದು. ಆದುದರಿಂದ ಗ್ರೀಕರ ಪುರಾಣದಲ್ಲಿ ಭೂದೇವಿಯ ಮಕ್ಕಳೆನಿಸಿದ ಟೈಟನರ ಹೆಸರನ್ನು ತೆಗೆದುಕೊಂಡು ಟೈಟೇನಿಯಮ್ ಎಂದು ಕರೆದನು. ಶುದ್ಧವಾದ ರೂಟೈಲಿನಲ್ಲಿ ನೂರಕ್ಕೆ ಸುಮಾರು 60 ಪಾಲು ಟೈಟೇನಿಯಮೂ 40 ಪಾಲು ಆಮ್ಲಜನಕವೂ ಇವೆಯೆಂದು ಈಗ ನಾವು ಬಲ್ಲೆವು.

ಆದರೆ ಈ ಧಾತುವಿನ ಸುಳಿವನ್ನು ಮೊದಲು ಕಂಡವನು ಕ್ಲಾಪ್ರೋಟನಲ್ಲ. ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದಲ್ಲಿ ವಿಲಿಯಮ್ ಗ್ರೆಗರ್ ಎಂಬ ಸಭಾಪಾಲಕನಿದ್ದನು. ಬಿಡುವಿನ ವೇಳೆಯಲ್ಲಿ ಕಲ್ಲುಮಣ್ಣುಗಳನ್ನು ಪರೀಕ್ಷಿಸುವುದು ಆತನಿಗೆ ಪ್ರಿಯವಾದ ಕೆಲಸ. ಮನಾಕನ್ ಎಂಬಲ್ಲಿಯ ಹಳ್ಳದಲ್ಲಿ ಅಯಸ್ಕಾಂತಕ್ಕೆ ಅಂಟುವ ಕಪ್ಪು ಮರಳೊಂದು ದೊರೆಯಲು, ಅದನ್ನು ಬೇರ್ಪಡಿಸಿ, ಕಬ್ಬಿಣದ ಜೊತೆಗೆ ಯಾರೂ ಅರಿಯದ ಇನ್ನೊಂದು ಲೋಹದ ಭಸ್ಮವಿದೆಯೆಂದು 1791ರಲ್ಲಿ ಬರೆದು ಪ್ರಕಟಿಸಿದನು. ಆತನು ಊರಿನ ಹೆಸರನ್ನೇ ಅದಕ್ಕೆ ಇಟ್ಟಿದ್ದನು. ದೂರದ ಹಳ್ಳಿಯವನ ಈ ಬರಹವನ್ನು ಹೆಚ್ಚು ಮಂದಿ ಲಕ್ಷಿಸಲಿಲ್ಲ.

ಆಗ ಕ್ಲಾಪ್ರೋಟನ ಹೆಸರು ಯುರೋಪಿನಲ್ಲೆಲ್ಲ ಹರಡಿದ್ದಿತು. ಆತನು ಸುಮ್ಮನಿದ್ದಿದ್ದರೆ ಗ್ರೆಗರನ ಬರಹವು ಮರೆತುಹೋಗುವ ಸಂಭವವೇ ಹೆಚ್ಚಾಗಿತ್ತು. ಆದರೆ ಆತನು ಕಾರ್ನ್‌ವಾಲಿನ ಕಪ್ಪು ಮರಳನ್ನು ತಾನೇ ಪರೀಕ್ಷಿಸಿ, ಅದರಲ್ಲಿರುವುದೂ ತನ್ನ ಟೈಟೇನಿಯಮೇ ಎಂಬುದನ್ನು 1797ರಲ್ಲಿ ದೃಢಪಡಿಸಿದನು. ಮೊದಲು ಕಂಡ ಗೌರವವು ಗ್ರೆಗರನಿಗೇ ಸಲ್ಲತಕ್ಕದ್ದೆಂದು ಒಪ್ಪಿದನು. ಇಷ್ಟೇ ಅಲ್ಲ. ಮರುವರ್ಷ ಟೆಲ್ಲೂರಿಯಮ್ ಎಂಬ ಇನ್ನೊಂದು ಧಾತುವನ್ನು ಸ್ಥಿರಪಡಿಸಿ ಹೆಸರಿಟ್ಟಾಗಲೂ, 1782ರಲ್ಲಿಯೇ ಅದನ್ನು ಕಂಡಿದ್ದ ಮ್ಯುಲರನಿಗೆ ಆ ಗೌರವವನ್ನು ಬಿಟ್ಟುಕೊಟ್ಟನು. ಪ್ರಯೋಗದ ಕೊರತೆಯನ್ನು ಮುಚ್ಚದವನು ತನ್ನ ಕೀರ್ತಿಗೆ ಬಂದ ಕೊರತೆಯನ್ನೂ ಮುಚ್ಚಲಿಲ್ಲ. ಗ್ರೆಗರನ ಕಪ್ಪು ಮರಳಿಗೆ ಈಗ ಇಲ್ಮನೈಟ್ ಎಂದು ಹೆಸರು. ಅದು ಕಬ್ಬಿಣವೂ ಟೈಟೇನಿಯಮೂ ಆಮ್ಲಜನಕವೂ ಕೂಡಿದ ಖನಿಜ.

1800ರಲ್ಲಿ ಕ್ಲಾಪ್ರೋಟನು ಔಷಧಾಲಯವನ್ನು ಮಾರಿ, ಅಕಾಡೆಮಿಯ ಪ್ರಯೋಗಶಾಲೆಯ ಮೇಲ್ವಿಚಾರಣೆಯನ್ನು ವಹಿಸಿಕೊಂಡನು. 1803ರಲ್ಲಿ ಸೀರಿಯಮಿನ ಭಸ್ಮವನ್ನು ಕಂಡುಹಿಡಿದನು. ಸ್ವೀಡನಿನ ಬರ್ಜೇಲಿಯಸ್ ಮತ್ತು ಹಿಸಿಂಗರ್ ಎಂಬವರೂ ಅದೇ ವರ್ಷ ಬೇರೆಯಾಗಿ ಅದನ್ನು ಕಂಡರು. ತನ್ನ ಪರೀಕ್ಷೆಗಳನ್ನೆಲ್ಲ 1795ರಿಂದ 1815ರವರೆಗೆ ಆರು ಸಂಪುಟಗಳಲ್ಲಿ ಹೊರತಂದನು. 1810ರಲ್ಲಿ ಬರ್ಲಿನ್ ವಿಶ್ವವಿದ್ಯಾಲಯವು ಪ್ರಾರಂಭವಾದಾಗ ರಸಾಯನಶಾಸ್ತ್ರದ ಮೊದಲ ಪ್ರಾಧ್ಯಾಪಕನಾಗಿ ಈತನನ್ನೇ ನೇಮಿಸಿದರು. ಯಾವ ಕಾಲೇಜಿನ ಮೆಟ್ಟಿಲನ್ನೂ ವಿದ್ಯಾರ್ಥಿಯಾಗಿ ಹತ್ತಿ ಪದವಿ ಪಡೆಯದವನು ಅರುವತ್ತಾರನೆಯ ವಯಸ್ಸಿನಲ್ಲಿ ಉಪಾಧ್ಯಾಯಪೀಠವನ್ನು ಏರಿದನು. 1817ನೆಯ ಇಸವಿಯ ಜನವರಿ 1ನೆಯ ತಾರೀಖಿನಲ್ಲಿ ಬರ್ಲಿನಿನಲ್ಲಿ ಆತನು ಮೃತಿಹೊಂದಿದನು. ಅದೇ ವರ್ಷದ ಜೂನ್ ತಿಂಗಳಲ್ಲಿ ಗ್ರೆಗರನೂ ಕಾರ್ನ್‌ವಾಲಿನ ಕ್ರೀಡ್ ಎಂಬ ತನ್ನ ಸಭೆಯ ಊರಿನಲ್ಲಿ ಕಾಲವಾದನು. ಹೀಗೆ ಒಂದೇ ಧಾತುವನ್ನು ಕಂಡ ಇಬ್ಬರೂ ಒಂದೇ ವರ್ಷದಲ್ಲಿ ಈ ಲೋಕವನ್ನು ಬಿಟ್ಟರು.

ಕ್ಲಾಪ್ರೋಟನ ಮಗ ಜೂಲಿಯಸನು ಏಷ್ಯಾಖಂಡದ ಭಾಷೆಗಳಲ್ಲಿ ಪಂಡಿತನೆನಿಸಿಕೊಂಡನು. ರೋಸೆಯ ಮನೆಗೆ ಮಾಡಿದ ಉಪಕಾರದ ಫಲವೂ ವ್ಯರ್ಥವಾಗಲಿಲ್ಲ. ಕಿರಿಯ ವಾಲೆಂಟಿನನ ಮಕ್ಕಳಾದ ಹೈನ್ರಿಖನೂ ಗುಸ್ತಾವನೂ ಆ ಶಾಸ್ತ್ರದಲ್ಲಿಯೇ ಮುಂದುವರಿದರು. ಹೈನ್ರಿಖನು 1844ರಲ್ಲಿ ನಿಯೋಬಿಯಮ್ ಎಂಬ ಧಾತುವಿಗೆ ಆ ಹೆಸರನ್ನಿಟ್ಟನು. ಗುಸ್ತಾವನು 1839ರಲ್ಲಿ ಯೂರಲ್ ಪರ್ವತಗಳ ಖನಿಜವೊಂದನ್ನು ವಿವರಿಸಿ ಪೆರೋವ್‌ಸ್ಕೈಟ್ ಎಂದು ಕರೆದನು. ಅದು ಸುಣ್ಣದ ಧಾತುವಾದ ಕ್ಯಾಲ್ಸಿಯಮೂ ಟೈಟೇನಿಯಮೂ ಕೂಡಿದ ಖನಿಜ. ಅಜ್ಜನ ಅಂಗಡಿಯನ್ನು ಕಾಪಾಡಿದವನ ಧಾತುವನ್ನು ಮೊಮ್ಮಗನು ಇನ್ನೊಂದು ಕಲ್ಲಿನಲ್ಲಿ ಕಂಡಂತಾಯಿತು.

ಕ್ಲಾಪ್ರೋಟನು ಟೈಟೇನಿಯಮನ್ನು ಲೋಹವಾಗಿ ಕಣ್ಣಿನಿಂದ ಕಾಣಲೇ ಇಲ್ಲ. ಅದು ಆಮ್ಲಜನಕವನ್ನು ಅಷ್ಟು ಬಿಗಿಯಾಗಿ ಹಿಡಿದಿರುವುದರಿಂದ ಇದ್ದಲಿನೊಡನೆ ಕಾಯಿಸಿದರೆ ಶುದ್ಧ ಲೋಹವು ದೊರೆಯದು. 1910ರಲ್ಲಿ ಅಮೆರಿಕದ ಹಂಟರ್ ಎಂಬವನು ಟೈಟೇನಿಯಮಿನ ಕ್ಲೋರೈಡನ್ನು ಸೋಡಿಯಮಿನೊಡನೆ ಉಕ್ಕಿನ ಪಾತ್ರೆಯಲ್ಲಿ ಮುಚ್ಚಿ ಕಾಯಿಸಿ ಮೊದಲು ಶುದ್ಧ ಲೋಹವನ್ನು ಪಡೆದನು. ಬಳಿಕ ಕ್ರೋಲ್ ಎಂಬವನು ಸೋಡಿಯಮಿಗೆ ಬದಲಾಗಿ ಮೆಗ್ನೀಸಿಯಮನ್ನು ಉಪಯೋಗಿಸುವ ಕ್ರಮವನ್ನು ಕಂಡುಹಿಡಿದನು. ಉಕ್ಕಿನ ತೂಕದಲ್ಲಿ ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು ತೂಗುವ, ಬಲವಾದ, ತುಕ್ಕು ಹಿಡಿಯದ ಈ ಲೋಹವು ಇಂದು ವಿಮಾನಗಳಲ್ಲಿಯೂ, ಮುರಿದ ಎಲುಬನ್ನು ಕೂಡಿಸುವ ಕೀಲುಪಟ್ಟಿಗಳಲ್ಲಿಯೂ ಸೇರಿದೆ.

ಆದರೂ ಹೆಚ್ಚು ಖರ್ಚಾಗುವುದು ಲೋಹವಲ್ಲ, ಕ್ಲಾಪ್ರೋಟನ ಮೂಸೆಯಲ್ಲಿ ಉಳಿದ ಆ ಬಿಳಿಯ ಪುಡಿಯೇ. ಬೆಳಕನ್ನು ಅಷ್ಟು ಬಲವಾಗಿ ಬಾಗಿಸಿ ಚದರಿಸುವುದರಿಂದ ಅದರ ತೆಳುವಾದ ಲೇಪವೂ ಕೆಳಗಿನ ಬಣ್ಣವನ್ನು ಮರೆಮಾಡುತ್ತದೆ. 1916ರ ಸುಮಾರಿಗೆ ನಾರ್ವೆಯಲ್ಲಿಯೂ ಅಮೆರಿಕದಲ್ಲಿಯೂ ಇದನ್ನು ಬಣ್ಣಕ್ಕಾಗಿ ತಯಾರಿಸತೊಡಗಿದರು. ಅದಕ್ಕೆ ಮೊದಲು ಗೋಡೆ ಬಾಗಿಲುಗಳಿಗೆ ಬಳಿಯುತ್ತಿದ್ದ ಸೀಸದ ಬಿಳಿಬಣ್ಣವು ವಿಷವಾದುದು. ಬಣ್ಣ ಬಳಿಯುವವರೂ ಮಕ್ಕಳೂ ಅದರಿಂದ ಬಾಧೆಪಟ್ಟಿದ್ದರು. ಟೈಟೇನಿಯಮಿನ ಬಿಳುಪು ಬಂದು ಆ ವಿಷದ ಸ್ಥಾನವನ್ನು ಹಿಡಿಯಿತು. ಬಣ್ಣ, ಕಾಗದ, ಪ್ಲಾಸ್ಟಿಕ್, ಹಲ್ಲುಜ್ಜುವ ಪೇಸ್ಟು ಇವೆಲ್ಲಕ್ಕೂ ಇದು ಬೇಕಾಗಿದೆ. ರೂಟೈಲನ್ನು ಹಾಗೆಯೇ ಪುಡಿಮಾಡಿ ಬೆಸುಗೆಯ ಕಡ್ಡಿಗಳ ಮೇಲಿನ ಲೇಪಕ್ಕೂ, ಪಿಂಗಾಣಿಗೆ ಹಳದಿ ಛಾಯೆಯನ್ನು ಕೊಡಲೂ ಉಪಯೋಗಿಸುವುದುಂಟು.

ಈ ಖನಿಜಕ್ಕಾಗಿ ನಾವು ಹಂಗೆರಿಗೆ ಹೋಗಬೇಕಾಗಿಲ್ಲ. ನಮ್ಮ ಪಡುವಣ ಘಟ್ಟಗಳು ತೆಂಕಣಕ್ಕೆ ಸಾಗುವಲ್ಲಿ, ಅವುಗಳ ಹಳೆಯ ಬಂಡೆಗಳು ಸವೆದು ಹೊಳೆಗಳ ಮೂಲಕ ಕಡಲನ್ನು ಸೇರಿ, ಅಲೆಗಳು ಹಗುರವಾದುದನ್ನು ಒಯ್ದು ಭಾರವಾದುದನ್ನು ದಡದಲ್ಲಿ ಬಿಟ್ಟಿವೆ. ಕೇರಳದ ಚವರದಲ್ಲಿಯೂ, ತಮಿಳುನಾಡಿನ ಮಣವಾಳಕುರಿಚಿಯಲ್ಲಿಯೂ ಕಾಣುವ ಕಪ್ಪು ಮರಳು ಇಂತಹುದು. ಇದರಲ್ಲಿ ಇಲ್ಮನೈಟ್ ಹೆಚ್ಚು. ಅದರೊಡನೆ ರೂಟೈಲ್, ಜಿರ್ಕಾನ್, ಮೋನಜೈಟ್ ಮೊದಲಾದವೂ ಇವೆ. ಮೋನಜೈಟಿನಲ್ಲಿ ಸೀರಿಯಮೂ ಅಲ್ಪಪ್ರಮಾಣದ ಯುರೇನಿಯಮೂ ಉಂಟು. ಎಂದರೆ ಬರ್ಲಿನಿನ ಔಷಧಗಾರನು ಬೇರೆ ಬೇರೆ ದೇಶದ ಕಲ್ಲುಗಳಲ್ಲಿ ಹುಡುಕಿದ ನಾಲ್ಕು ಧಾತುಗಳೂ ಚವರದ ಒಂದು ಹಿಡಿ ಮರಳಿನಲ್ಲಿಯೇ ದೊರೆಯುತ್ತವೆ. ಮೊದಲು ನೀರಿನಲ್ಲಿ ತೊಳೆದು ಹಗುರವಾದ ಮರಳನ್ನು ಬೇರ್ಪಡಿಸಿ, ಅಯಸ್ಕಾಂತದಿಂದ ಇಲ್ಮನೈಟನ್ನು ಸೆಳೆದು, ವಿದ್ಯುಚ್ಛಕ್ತಿಯ ಸಹಾಯದಿಂದ ರೂಟೈಲನ್ನು ಜಿರ್ಕಾನಿನಿಂದ ಬೇರೆಮಾಡುತ್ತಾರೆ. ಚವರದಲ್ಲಿ ಬಿಳಿಬಣ್ಣದ ಪುಡಿಯನ್ನೂ, 2011ರಿಂದ ಟೈಟೇನಿಯಮ್ ಲೋಹದ ಸ್ಪಂಜನ್ನೂ ತಯಾರಿಸುವ ಕಾರ್ಖಾನೆಯಿದೆ.

ಲಾಭವನ್ನು ಬರೆದ ಮೇಲೆ ಕೊರತೆಯನ್ನೂ ಬರೆಯುವುದು ಕ್ಲಾಪ್ರೋಟನ ಕ್ರಮವಷ್ಟೆ. ನಾವೂ ಹಾಗೆಯೇ ಮಾಡುವೆವು. ಮರಳನ್ನು ತೆಗೆಯುವುದರಿಂದ ತಮ್ಮ ಊರನ್ನು ಕಡಲು ಕೊರೆಯುತ್ತಿದೆಯೆಂದು ಚವರದ ಸಮೀಪದ ಆಲಪ್ಪಾಡಿನ ಬೆಸ್ತರು 2018-19ರಲ್ಲಿ ಬಹಳವಾಗಿ ಮೊರೆಯಿಟ್ಟರು. ತಿಂಡಿಗಳನ್ನು ಬೆಳ್ಳಗೆ ಕಾಣಿಸಲು ಈ ಪುಡಿಯನ್ನು ಬೆರೆಸುವುದು ನಿರಪಾಯಕರವೆಂದು ಇನ್ನು ಹೇಳಲಾಗದೆಂದು ಯುರೋಪಿನ ಒಕ್ಕೂಟವು 2022ರಲ್ಲಿ ಅದನ್ನು ನಿಷೇಧಿಸಿತು. ಯುರೇನಿಯಮ್ 1945ರಲ್ಲಿ ಹಿರೋಷಿಮಾ ಪಟ್ಟಣಕ್ಕೆ ಏನು ಮಾಡಿತೆಂಬುದನ್ನು ಎಲ್ಲರೂ ಬಲ್ಲರು. ಇವು ಕ್ಲಾಪ್ರೋಟನ ತಪ್ಪುಗಳಲ್ಲ. ಆದರೆ ಮೊತ್ತವು ಚೆಲುವಾಗಿ ಕಾಣಲೆಂದು ಇವುಗಳನ್ನು ಬಿಟ್ಟು ಬರೆದರೆ ನಮ್ಮ ಲೆಕ್ಕವು ಸುಳ್ಳಾಗುವುದು.

ಈ ಚರಿತ್ರೆಯನ್ನು ನಮ್ಮ ಶಾಲೆಯ ಸಂಚಿಕೆಯಲ್ಲಿ ಏಕೆ ಬರೆದೆವೆಂದರೆ, ಇದರ ಪಾಠವು ನಮ್ಮ ಪ್ರಯೋಗಶಾಲೆಯ ಮೇಜಿನ ಮೇಲೆ ದಿನದಿನವೂ ಬರುತ್ತಿದೆ. ಮೈಲುತುತ್ತವನ್ನು ಕಾಯಿಸಿ ಅದರೊಳಗಿನ ನೀರು ಎಷ್ಟೆಂದು ತೂಗುವ ಪಾಠವು ಹಳೆಯ ವಿದ್ಯಾರ್ಥಿನಿಯರಿಗೆ ನೆನಪಿರಬಹುದು. ನೂರಕ್ಕೆ 36 ಎಂದು ಪುಸ್ತಕವು ಹೇಳುತ್ತದೆ. ಹುಡುಗಿಯ ತಕ್ಕಡಿಯು 33 ಎಂದು ಹೇಳಿದರೆ ಆಕೆಯ ಕೈಯು ರಬ್ಬರಿನ ಕಡೆಗೆ ಹೋಗುತ್ತದೆ. ಆ ಹೊತ್ತಿಗೆ ಆಕೆಯು ಏನನ್ನು ಬರೆಯುವಳೋ ಅದೇ ಆಕೆಯ ನಿಜವಾದ ಪರೀಕ್ಷೆಯೆಂದು ನಾವು ಎಣಿಸುತ್ತೇವೆ. 33 ಎಂದು ಬರೆದವಳು ಸಾಕಷ್ಟು ಕಾಯಿಸಲಿಲ್ಲವೆಂಬ ಕಾರಣವನ್ನು ಕಂಡುಕೊಂಡು ಮತ್ತೊಮ್ಮೆ ಮಾಡುವಳು. 36 ಎಂದು ತಿದ್ದಿದವಳಿಗೆ ಕಲಿಯಲು ಏನೂ ಉಳಿಯದು.

ತಂದೆತಾಯಿಗಳಲ್ಲಿ ನಮ್ಮದೊಂದು ವಿಜ್ಞಾಪನೆ. ಮಗಳು ಅಂಕಪಟ್ಟಿಯನ್ನು ತಂದಾಗ ಮೊತ್ತವೆಷ್ಟೆಂದು ಕೇಳುವುದು ಸಹಜ. ಅದರೊಡನೆ ಆಕೆಗೆ ತಿಳಿಯದೆ ಹೋದದ್ದು ಯಾವುದೆಂದೂ ಕೇಳಿರಿ, ಹೇಳಿದರೆ ಗದರಿಸಬೇಡಿರಿ. ಕೊರತೆಯನ್ನು ಹೆದರದೆ ಹೇಳಬಲ್ಲ ಮಗಳು ಮುಂದೆ ಮನೆಯ ಲೆಕ್ಕವನ್ನೇ ಬರೆಯಲಿ, ಆಸ್ಪತ್ರೆಯಲ್ಲಿ ಔಷಧವನ್ನೇ ಅಳೆಯಲಿ, ಶಾಲೆಯಲ್ಲಿ ಪಾಠವನ್ನೇ ಹೇಳಲಿ, ಆಕೆಯ ಮಾತನ್ನೂ ಆಕೆಯ ತಕ್ಕಡಿಯನ್ನೂ ಜನರು ನಂಬುವರು.